ಚೀಟಿ ಬಂದರೆ ಹಾಡಲೇಬೇಕು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿನಲ್ಲಿ ಈ ವಾರವೆಲ್ಲ ಒಂದೇ ವಿಡಿಯೋ ಸುತ್ತುತ್ತಿದೆ. ಮ್ಯೂಸಿಕ್ ಮಿಸ್ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆಯಿಂದ ಒಬ್ಬೊಬ್ಬಳೂ ಅವರು ಹಾಡುವ ಆ ವಿಡಿಯೋವನ್ನೇ ಹಾಕುತ್ತಾಳೆ. ಕೆಳಗೆ ಒಂದು ಮೇಣದಬತ್ತಿಯ ಚಿತ್ರ, ಮುಗಿದ ಕೈಗಳು, ಆಮೇಲೆ ‘ವಾಟ್ ಎ ಕಮ್‌ಬ್ಯಾಕ್’ ಎಂಬ ಒಂದು ಸಾಲು. ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಭಾನುವಾರದ ಮಧ್ಯಾಹ್ನ ಇಂದಿರಾನಗರದ ಆ ರೆಸ್ಟೋರೆಂಟಿಗೆ ಮರಳಿ ಬಂದದ್ದು ಕೂತು ಕೇಳಿದವರ ಹರೆಯ. ಮಿಸ್ ಬರಲೇ ಇಲ್ಲ. ನಾನು ಅಲ್ಲಿಯೇ ಇದ್ದೆ, ನನಗೆ ಗೊತ್ತು.

ಇದನ್ನು ಗುಂಪಿನಲ್ಲಿ ಬರೆದರೆ ಕನ್ನಡ ಮಿಸ್‌ಗೆ ವಯಸ್ಸಾಯಿತು, ಎಲ್ಲದಕ್ಕೂ ತಪ್ಪು ಹುಡುಕುತ್ತಾರೆ ಅನ್ನುತ್ತಾರೆ. ಅನ್ನಲಿ. ಕೆಂಪು ಶಾಯಿಯಲ್ಲೇ ಬದುಕು ಕಳೆದವಳು ನಾನು.

ಶಿವಾಜಿನಗರದ ಕಡೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾವಿಬ್ಬರೂ ಕೆಲಸ ಮಾಡಿದೆವು. ನಾನು ಕೆ.ಆರ್. ಪುರದಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದೆ. ಅವರು ಹಲಸೂರಿನಿಂದ ನಡೆದೇ ಬರುತ್ತಿದ್ದರು. ತಂದೆ ರೈಲ್ವೆಯ ಆಂಗ್ಲೋ ಇಂಡಿಯನ್, ತಾಯಿ ತಮಿಳು ಕ್ರಿಶ್ಚಿಯನ್. ಮನೆಯಲ್ಲಿ ಇಂಗ್ಲಿಷು, ಅಡುಗೆಮನೆಯಲ್ಲಿ ತಮಿಳು, ಬಾಗಿಲಾಚೆ ಕನ್ನಡ, ಮಟನ್ ಅಂಗಡಿಯಲ್ಲಿ ದಖನಿ ಉರ್ದು. ನಾಲ್ಕನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು, ನಾಲ್ಕರಲ್ಲೂ ಬೈಯುತ್ತಿದ್ದರು. ಟೀಚರುಗಳೆಲ್ಲ ಒಬ್ಬರನ್ನೊಬ್ಬರು ಮಿಸ್ ಎಂದೇ ಕರೆಯುವುದು ನಮ್ಮಲ್ಲಿ ರೂಢಿ. ಹಾಗಾಗಿ ಅವರು ನನಗೆ ಮಿಸ್, ನಾನು ಅವರಿಗೆ ಮಿಸ್. ನಿವೃತ್ತಿಯಾಗಿ ಇಷ್ಟು ಕಾಲವಾದರೂ ಅದು ಬದಲಾಗಲಿಲ್ಲ.

ಹಗಲು ಮಕ್ಕಳಿಗೆ ಸ್ವರ ಹೇಳಿಕೊಡುವ ಇವರು ಸಂಜೆ ಕಂಟೋನ್ಮೆಂಟಿನ ಒಂದು ದೊಡ್ಡ ಹೋಟೆಲಿನಲ್ಲಿ ಬ್ಯಾಂಡಿನ ಮುಂದೆ ನಿಂತು ಹಾಡುತ್ತಿದ್ದರು. ಸಿಸ್ಟರುಗಳಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು. ಬೆಳಗಿನ ಪ್ರಾರ್ಥನೆಗೆ ಮಿಸ್ ಬಂದಾಗ ಕಣ್ಣಂಚಿನ ಕಾಡಿಗೆ ಪೂರ್ತಿ ಹೋಗಿರುತ್ತಿರಲಿಲ್ಲ. ಹೆಡ್ ಸಿಸ್ಟರ್ ಆಕಾಶ ನೋಡಿಕೊಂಡು, ದೇವರು ಕೆಲವರಿಗೆ ಹೆಚ್ಚು ನಿದ್ದೆ ಕೊಡಲಿ ಎಂದು ಪ್ರಾರ್ಥಿಸುತ್ತಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅನ್ನುತ್ತಿದ್ದವರು ಮಿಸ್ಸೇ.

ಅವರು ಹಾಡುತ್ತಿದ್ದ ಸಂಗೀತಕ್ಕೆ ಸೋಲ್ ಅನ್ನುತ್ತಾರೆ. ಅಮೆರಿಕದ ಕಪ್ಪು ಜನ ಚರ್ಚಿನಲ್ಲಿ ಹಾಡುತ್ತಿದ್ದುದೇ ಬೀದಿಗಿಳಿದು ಪ್ರೀತಿ, ವಿರಹ, ಸಿಟ್ಟುಗಳನ್ನು ಹಾಡಲು ತೊಡಗಿ ಹೀಗಾಯಿತಂತೆ. ನಾನು ಮೊದಲ ಸಲ ಕೇಳಿದ್ದು ಸ್ಟಾಫ್ ರೂಮಿನಲ್ಲಿ, ಯಾರದೋ ಬೀಳ್ಕೊಡುಗೆಯ ದಿನ. ದೇವರನಾಮ, ಭಾವಗೀತೆ ಕೇಳಿ ಬೆಳೆದ ಕಿವಿ ನನ್ನದು, ಅದೂ ಅಷ್ಟಕ್ಕಷ್ಟೆ. ಇವರೇಕೆ ಹೀಗೆ ಬೈಯುತ್ತಿದ್ದಾರೆ ಅನ್ನಿಸಿತು. ಆಮೇಲೆ ಕೇಳಿದ್ದಕ್ಕೆ, ಪ್ರಾರ್ಥನೆ ಮಾಡ್ತಾ ಮಾಡ್ತಾ ದೇವರ ಜೊತೆ ಜಗಳಕ್ಕೆ ನಿಂತರೆ ಹೇಗಿರುತ್ತದೋ ಹಾಗೆ ಎಂದು ವಿವರಿಸಿದರು. ಅಂದಿನಿಂದ ನನಗದು ಅರ್ಥವಾಗತೊಡಗಿತು. ನಮ್ಮಮ್ಮ ಮನೆದೇವರ ಮುಂದೆ ಮಾಡುತ್ತಿದ್ದುದೂ ಬಹುಪಾಲು ಅದನ್ನೇ.

ಹಾಡುವ ಮುಂಚೆ ಚಪ್ಪಲಿ ಬಿಡುತ್ತಿದ್ದರು. ಹೋಟೆಲಿನಲ್ಲಿ ಮಿರಿಮಿರಿ ಮಿಂಚುವ ಉಡುಪು ಹಾಕಿಕೊಂಡೂ ಬರಿಗಾಲಲ್ಲೇ ನಿಲ್ಲುತ್ತಿದ್ದರಂತೆ. ನನ್ನ ಡಬ್ಬಿಯಲ್ಲಿ ಅವರೆಕಾಳಿನ ಸಾರು ಇದ್ದ ದಿನ ಅವರ ಡಬ್ಬಿ ನನಗೆ, ನನ್ನದು ಅವರಿಗೆ. ಕೇಳುವುದೂ ಇಲ್ಲ, ಎತ್ತಿಕೊಳ್ಳುವುದೇ. ಯಾರಾದರೂ ತಮ್ಮ ದನಿಯನ್ನು ಹೊಗಳಿದರೆ, ಗಂಟಲು ದೇವರದು, ಬಾಡಿಗೆ ಮನೆ, ಯಾವಾಗ ಖಾಲಿ ಮಾಡು ಅಂತಾನೋ ಅನ್ನುತ್ತಿದ್ದರು. ಅದನ್ನು ನಗುತ್ತಲೇ ಹೇಳುತ್ತಿದ್ದರು.

ಇನ್ನು ಚೀಟಿಯ ವಿಷಯ. ಆ ಕಾಲದ ಹೋಟೆಲುಗಳಲ್ಲಿ ಊಟಕ್ಕೆ ಕೂತವರು ತಮಗೆ ಬೇಕಾದ ಹಾಡಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ವೇಟರ್ ಅದನ್ನು ಟ್ರೇಯಲ್ಲಿಟ್ಟು ಸ್ಟೇಜಿಗೆ ತಂದುಕೊಡುತ್ತಿದ್ದ. ಬಂದ ಚೀಟಿಯನ್ನು ಬೇಡ ಅನ್ನುವ ಹಾಗಿಲ್ಲ. ಹಾಡುವವರ ಮನಸ್ಸಿನಲ್ಲಿ ಏನಾದರೂ ಇರಲಿ, ಟ್ರೇ ಖಾಲಿಯಾದ ಮೇಲೆ ಅದು. ಹದಿನೇಳನೇ ವಯಸ್ಸಿಗೆ ಸ್ಟೇಜು ಹತ್ತಿದವರು ಮಿಸ್, ಈ ಕಟ್ಟಳೆ ಅವರ ಮೂಳೆಗಿಳಿದಿತ್ತು. ಶಾಲೆಯ ಹುಡುಗಿಯರಿಗೂ ಇದು ಗೊತ್ತಾಗಿಹೋಯಿತು. ಒಮ್ಮೆ ಇನ್‌ಸ್ಪೆಕ್ಟರ್ ಬಂದು ತರಗತಿಯ ಹಿಂದೆ ಕೂತಿದ್ದಾಗ ಐದನೇ ಕ್ಲಾಸಿನ ಒಬ್ಬ ತರಲೆ ಹುಡುಗಿ ಚೀಟಿ ಕೊಟ್ಟಳು. ಮಿಸ್ ಪಾಠ ನಿಲ್ಲಿಸಿ ಅದನ್ನು ಓದಿ ಒಂದು ಸಿನಿಮಾ ಹಾಡನ್ನು ಪೂರ್ತಿ ಹಾಡಿದರು. ಹೆಡ್ ಸಿಸ್ಟರ್ ಮುಖ ಸುಣ್ಣವಾಯಿತು. ಇನ್‌ಸ್ಪೆಕ್ಟರು ಮಾತ್ರ ಜೇಬಿನಿಂದ ಪೆನ್ನು ತೆಗೆದು ತಾವೂ ಒಂದು ಹಾಡು ಬರೆದುಕೊಟ್ಟರು. ಮುಂದಿನ ಒಂದು ವರ್ಷ ಸ್ಟಾಫ್ ರೂಮಿನಲ್ಲಿ ನಮಗೆ ನಗಲು ಅಷ್ಟು ಸಾಕಾಯಿತು.

ಆಮೇಲೆ ಹೋಟೆಲುಗಳು ಬ್ಯಾಂಡುಗಳನ್ನು ಬಿಡಿಸಿ ರೆಕಾರ್ಡು ಹಾಡಿಸುವ ಪೆಟ್ಟಿಗೆ ತಂದಿಟ್ಟವು. ಮಿಸ್ ಚರ್ಚಿನಲ್ಲಿ, ಮದುವೆಮನೆಗಳಲ್ಲಿ ಹಾಡಿಕೊಂಡಿದ್ದರು. ಗಂಡ ಮೊದಲೇ ತೀರಿಕೊಂಡಿದ್ದರು, ಉಳಿದವನು ಒಬ್ಬ ಮಗ. ಮಹದೇವಪುರದ ಕಡೆ ಕೆಲಸ, ಬೈಕಿನಲ್ಲಿ ಓಡಾಟ. ಒಂದು ಬೆಳಿಗ್ಗೆ ಹಳೇ ಮದ್ರಾಸ್ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋಗಿಬಿಟ್ಟ. ಅವತ್ತಿನಿಂದ ಮಿಸ್ ಹಾಡಲಿಲ್ಲ. ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಹಾಡುವಾಗಲೂ ತುಟಿ ಬಿಚ್ಚದೆ ನಿಲ್ಲುತ್ತಿದ್ದರು. ಯಾರೂ ಒತ್ತಾಯ ಮಾಡಲಿಲ್ಲ, ನಾನೂ ಮಾಡಲಿಲ್ಲ. ವರ್ಷಗಳೇ ಹೋದವು.

ಹೋದ ವರ್ಷ ಅವರ ಬಲಗೈ ನಡುಗಲು ಶುರುವಾಯಿತು. ನಡುಕ ಮೆಲ್ಲಗೆ ಗಂಟಲಿಗೂ ಬರುತ್ತದೆ, ದನಿ ಸಣ್ಣದಾಗುತ್ತ ಹೋಗಿ ಕೊನೆಗೆ ಪಿಸುಮಾತಷ್ಟೇ ಉಳಿಯುತ್ತದೆ ಎಂದು ಡಾಕ್ಟರ್ ಹೇಳಿಬಿಟ್ಟರು. ಅದಾದ ಮೇಲೆ ಒಂದು ದಿನ ಮಿಸ್ ಮೆಟ್ರೋ ಹತ್ತಿ ಕೆ.ಆರ್. ಪುರದ ನಮ್ಮ ಮನೆಗೆ ಬಂದರು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮದೇ ಮೂರಂತಸ್ತಿನ ಬಾಡಿಗೆ ಮನೆಗಳಿವೆ. ಆ ಗದ್ದಲ ದಾಟಿ ಹಿಂದಿನ ನನ್ನ ಅಡುಗೆಮನೆಗೆ ಬಂದು, ಚಪ್ಪಲಿ ಬಿಟ್ಟು, ಕುಕ್ಕರು ಆರಿಸಿ ಅಂದರು. ಆರಿಸಿದೆ. ನಿಂತುಕೊಂಡೇ ಹಾಡಿದರು.

ಹಾಡು ಕನ್ನಡದಲ್ಲಿತ್ತು, ಅವರೇ ಕಟ್ಟಿದ್ದು. ಪೊಲೀಸಿನವನು ಸುದ್ದಿ ತಂದ ಬೆಳಿಗ್ಗೆಯದು.

ಮನೇಲಿ ಯಾರಿದ್ದೀರಾ ಅಂತ ಕೇಳ್ದ,
ಟೋಪಿ ತೆಗ್ದು ಕೈಯಲ್ ಹಿಡ್ದ,
ಇರೋನೊಬ್ಬ, ಆಚೆ ಹೋಗಿದಾನೆ,
ಬರ್ತಾನೆ, ಕೂತ್ಕೊಳ್ಳಿ ಅಂದೆ.

ಕೂತ್ಕೊಳ್ಳಿ ಎಂಬಲ್ಲಿ ದನಿ ಮೇಲೆ ಹೋಗಿ ಅಲ್ಲಿಯೇ ನಿಂತಿತು. ನಾನು ಅತ್ತುಬಿಟ್ಟೆ. ಸೆರಗಿನಿಂದ ಮೂಗು ಒರೆಸಿಕೊಂಡು, ಜನ್ಮಕ್ಕಂಟಿದ ಬುದ್ಧಿ ಎಲ್ಲಿ ಬಿಡುತ್ತದೆ, ಅದು ‘ಮನೆಯಲ್ಲಿ’ ಆಗಬೇಕು ಮಿಸ್ ಅಂದೆ. ಪೊಲೀಸ್ ಹಾಗೆ ಮಾತಾಡಲ್ಲ ಅಂದರು. ಅಷ್ಟಕ್ಕೆ ನಮ್ಮ ತಿದ್ದುಪಡಿ ಮುಗಿಯಿತು. ಇಷ್ಟು ವರ್ಷ ಇಂಗ್ಲಿಷಿನಲ್ಲಿ ಹಾಡಿದವರು ಇದನ್ನೇಕೆ ಕನ್ನಡದಲ್ಲಿ ಕಟ್ಟಿದಿರಿ ಎಂದು ಕೇಳಿದೆ.

“ನನ್ ಮಗ ಹೋದ ಸುದ್ದಿ ಕನ್ನಡದಲ್ಲಿ ಬಂತು ಮಿಸ್,” ಎಂದರು. “ಅದನ್ನ ಇಂಗ್ಲಿಷಲ್ಲಿ ಹೆಂಗೆ ಹಾಡ್ಲಿ? ಅಲ್ಲಿರೋದೆಲ್ಲ ಬೇರೆಯೋರ ದುಃಖ. ನಲವತ್ತು ವರ್ಷ ಬೇರೆಯೋರದೇ ಹಾಡಿದ್ದಾಯ್ತು. ಇದೊಂದು ನಂದು. ಗಂಟಲು ಇರೋವಾಗ್ಲೇ ನಾಲ್ಕು ಜನದ ಮುಂದೆ ಇದನ್ನ ಹಾಡ್ಬಿಡ್ಬೇಕು.”

ಹಲಸೂರು ಕೆರೆಯ ಮೇಲೆ, ನಡುಗುವ ತಮ್ಮ ಕೈಯ ಮೇಲೆ ಇನ್ನೂ ಎರಡು ಮೂರು ಹಾಡು ಕಟ್ಟಿದ್ದರು. ಆದರೆ ಅವರ ಜೀವ ಇದ್ದದ್ದು ಈ ಒಂದರಲ್ಲಿ. ಇದಕ್ಕೆ ವಾದ್ಯವೇ ಬೇಡ ಎನ್ನುತ್ತಿದ್ದರು. ಆ ಪೊಲೀಸಿನವನು ಬಾಗಿಲಿಗೆ ಬಂದಾಗ ಹಿಂದೆ ಯಾವ ಮ್ಯೂಸಿಕ್ಕೂ ಇರಲಿಲ್ಲವಲ್ಲ ಎನ್ನುತ್ತಿದ್ದರು. ಆಮೇಲೂ ಹಲವು ಸಲ ನಮ್ಮ ಅಡುಗೆಮನೆಯಲ್ಲಿ ಹಾಡಿದರು. ಒಂದು ಸಲ ಹಾಡಿದ ಹಾಗೆ ಇನ್ನೊಂದು ಸಲ ಇರುತ್ತಿರಲಿಲ್ಲ. ನಾನು ಫೋನು ಎತ್ತಿಕೊಂಡರೆ ಕೈಯಿಂದ ಅದನ್ನು ಕೆಳಗಿಡಿಸುತ್ತಿದ್ದರು. ಮೊದಲು ಜನದ ಮುಂದೆ, ಆಮೇಲೆ ಮೆಷಿನ್ನಿನಲ್ಲಿ. ಅದರಲ್ಲಿ ಅವರದು ಬಹಳ ಹಟ.

ಜಾಗ ಕೊಟ್ಟವಳು ನಾಜಿಯಾ. ಫ್ರೇಜರ್ ಟೌನಿನ ಹುಡುಗಿ, ನಮ್ಮಿಬ್ಬರ ಹಳೆಯ ವಿದ್ಯಾರ್ಥಿನಿ, ಇಂದಿರಾನಗರದಲ್ಲಿ ರೆಸ್ಟೋರೆಂಟ್ ನಡೆಸುತ್ತಾಳೆ. ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಮಿಸ್ ಅವರ ಹೊಸ ಹಾಡುಗಳು ಎಂದು ಪ್ರಚಾರ ಮಾಡಿದಳು, ಅಲ್ಲಿಯೇ ರೆಕಾರ್ಡ್ ಮಾಡಲು ಒಬ್ಬನನ್ನು ಕರೆಸಿದಳು. ಒಳ್ಳೆಯ ಮನಸ್ಸಿನ ಹುಡುಗಿ, ಮಿಸ್ ಎಂದರೆ ಪ್ರಾಣ. ಪೋಸ್ಟರಿಗೆ ಮಾತ್ರ ಮಿಸ್ ಅವರ ಹಳೆಯ ಫೋಟೋ ಹಾಕಿದ್ದಳು, ಮಿಂಚುವ ಉಡುಪಿನದು. ಅದನ್ನು ನೋಡಿದಾಗಲೇ ನನಗೆ ಏನೋ ಸರಿಬರಲಿಲ್ಲ.

ಜಾಗ ತುಂಬಿತ್ತು. ಕುಕ್ ಟೌನ್, ಕಾಕ್ಸ್ ಟೌನಿನ ಹಳಬರೆಲ್ಲ ಇಸ್ತ್ರಿ ಬಟ್ಟೆಯಲ್ಲಿ ಬಂದಿದ್ದರು. ರಜೆಗೆಂದು ಆಸ್ಟ್ರೇಲಿಯಾದಿಂದ ಬಂದವರೂ ಇದ್ದರು. ಮಿಸ್ ಬಿಳಿ ಹತ್ತಿ ಸೀರೆ ಉಟ್ಟು ಬರಿಗಾಲಲ್ಲಿ ಬಂದು ನಿಂತರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಎದುರಿಗೇ ಕೂತಿದ್ದೆ. ಮೊದಲಿಗೇ ಆ ಹಾಡು, ಜೊತೆಗೆ ನುಡಿಸಲು ಬಂದ ವಾದ್ಯದವನು ಸುಮ್ಮನಿರುತ್ತಾನೆ ಎಂದು ಹಿಂದಿನ ದಿನವೇ ಮಾತಾಗಿತ್ತು.

ಆಗ ನಾಜಿಯಾ ಮೈಕ್ ತೆಗೆದುಕೊಂಡು, ಮಿಸ್‌ಗೆ ಗೊತ್ತಿಲ್ಲದ ಒಂದು ಸರ್ಪ್ರೈಸ್ ಇದೆ ಅಂದಳು. ಎಲ್ಲ ಟೇಬಲಿನ ಮೇಲೂ ಚಿಕ್ಕ ಚೀಟಿಗಳು, ಪೆನ್ಸಿಲು ಇಟ್ಟಿದ್ದಾಳಂತೆ, ಹಳೆಯ ಕಾಲದ ಹಾಗೆ ಬರೆದು ಕಳಿಸಿ ಅಂದಳು. ಜನ ಹೋ ಎಂದರು. ಮಿಸ್ ಬಾಯಿ ತೆರೆಯುವಷ್ಟರಲ್ಲಿ ವೇಟರ್ ಟ್ರೇ ಹಿಡಿದು ಅವರ ಮುಂದೆ ನಿಂತಿದ್ದ.

ಮಿಸ್ ಆ ಟ್ರೇಯನ್ನು ನೋಡಿದ ರೀತಿ ನನಗೆ ಇವತ್ತಿಗೂ ಕಣ್ಣ ಮುಂದಿದೆ. ಮುಖ ಒಂದು ಗಳಿಗೆ ಬಾಡಿತು, ಮರುಗಳಿಗೆ ಹೋಟೆಲಿನ ನಗೆ ಬಂದು ಕೂತಿತು. ಚೀಟಿ ತೆಗೆದುಕೊಂಡು ಓದಿ, ಕಳಿಸಿದವರಿಗೆ ತಲೆಬಾಗಿ, ವಾದ್ಯದವನಿಗೆ ಸನ್ನೆ ಮಾಡಿದರು. ಹಳೆಯ ಹಾಡು. ಅದು ಮುಗಿಯುವಷ್ಟರಲ್ಲಿ ಟ್ರೇ ತುಂಬಿತ್ತು. ಮತ್ತೆ ಹಳೆಯದು, ಮತ್ತೆ ಹಳೆಯದು. ಯಾರದೋ ಮದುವೆಯಲ್ಲಿ ಹಾಡಿದ್ದು, ಯಾರೋ ಪ್ರೀತಿಸುವಾಗ ಕೇಳಿದ್ದು. ಜನ ಕಣ್ಣೊರೆಸಿಕೊಂಡರು, ಫೋನು ಹಿಡಿದರು, ಬಿರಿಯಾನಿ ತಿಂದರು. ನಿಜ ಹೇಳಬೇಕೆಂದರೆ ಅದ್ಭುತವಾಗಿಯೇ ಹಾಡಿದರು. ಇದ್ದಷ್ಟು ದನಿಯೆಲ್ಲ ಅಲ್ಲಿ ಖರ್ಚಾಗುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ನಾನೂ ಒಂದು ಚೀಟಿ ಎಳೆದುಕೊಂಡು, ‘ಮನೇಲಿ ಯಾರಿದ್ದೀರಾ’ ಎಂದು ಕನ್ನಡದಲ್ಲಿ ಬರೆದು ಕಳಿಸಿದೆ. ಮಿಸ್ ಅದನ್ನು ಓದಿ ನನ್ನತ್ತ ನೋಡಿದರು. ಕಣ್ಣಲ್ಲಿ ನಗುವಿತ್ತು. ಚೀಟಿಯನ್ನು ಉಳಿದ ಚೀಟಿಗಳ ಅಡಿಗೆ ಸೇರಿಸಿದರು. ಸರದಿ ಬರುತ್ತದೆ ಎಂದು ನಾನು ಕಾದೆ. ನನ್ನದಾದ ಮೇಲೆ ಬಂದ ಚೀಟಿಗಳನ್ನೂ ಹಾಡಿದರು, ನನ್ನದು ಅಡಿಯಲ್ಲೇ ಇತ್ತು. ಪಕ್ಕದ ಟೇಬಲಿನಲ್ಲಿ ಕೂತಿದ್ದ ಆಸ್ಟ್ರೇಲಿಯಾದ ಯಜಮಾನರಿಗೆ, ನೀವಾದರೂ ಚೀಟಿ ಬರೆದು ಈ ಹಾಡು ಕೇಳಿ ಎಂದು ಬೇಡಿಕೊಂಡೆ. ಯಾವ ಹಾಡು, ಕೇಳಿದ್ದೇ ಇಲ್ಲವಲ್ಲ, ಕುಣಿಯಲು ಬರುತ್ತದೆಯೇ ಎಂದು ವಿಚಾರಿಸಿದರು. ಇಲ್ಲ ಅಂದೆ. ಪಾಪ, ಯೋಚನೆ ಮಾಡಿ ತಮ್ಮ ಹನಿಮೂನಿನ ಹಾಡು ಬರೆದು ಕಳಿಸಿದರು.

ಕೊನೆಗೂ ಟ್ರೇ ಖಾಲಿಯಾಯಿತು. ಜನ ಐಸ್‌ಕ್ರೀಮು ತಿನ್ನುತ್ತಿದ್ದರು, ಕೆಲವರು ಆಗಲೇ ಕ್ಯಾಬ್ ಹುಡುಕುತ್ತಿದ್ದರು. ಮಿಸ್ ಬಿಸಿನೀರು ಕುಡಿದು ವಾದ್ಯದವನಿಗೆ ಸುಮ್ಮನಿರು ಎಂದು ಕೈ ತೋರಿಸಿ ಕಣ್ಣು ಮುಚ್ಚಿದರು. ದನಿ ಒಡೆದಿತ್ತು, ಆದರೂ ಮೊದಲ ಸಾಲು ಬಂತು. ಮನೇಲಿ ಯಾರಿದ್ದೀರಾ ಅಂತ ಕೇಳ್ದ. ಒಂದೆರಡು ಟೇಬಲಿನವರು ಮಾತು ನಿಲ್ಲಿಸಿದರು. ಎರಡನೆಯ ಸಾಲಿಗೆ ಬಾಯಿ ತೆರೆದಾಗ ವೇಟರ್ ಟ್ರೇ ಚಾಚಿದ. ಅದರಲ್ಲಿ ಒಂದೇ ಒಂದು ಚೀಟಿ.

ಬೇಡ ಮಿಸ್, ನೋಡಬೇಡಿ ಎಂದು ನಾನು ಕೂತಲ್ಲೇ ಹೇಳಿಕೊಂಡೆ. ನೋಡಿದರು. ಮೂಲೆಯ ಟೇಬಲಿನಲ್ಲಿ ಯಾರದೋ ಹುಟ್ಟುಹಬ್ಬ. ಮಿಸ್ ಕಣ್ಣು ತೆರೆದು, ನಕ್ಕು, ಹುಟ್ಟುಹಬ್ಬದ ಹಾಡು ಹಾಡಿದರು. ಎಲ್ಲರೂ ದನಿಗೂಡಿಸಿದರು. ಕೇಕು ಬಂತು, ಮೇಣದಬತ್ತಿ ಆರಿತು, ಚಪ್ಪಾಳೆಯಾಯಿತು. ಅದೇ ಚಪ್ಪಾಳೆಯಲ್ಲಿ ಕಾರ್ಯಕ್ರಮವೂ ಮುಗಿಯಿತು. ಈಗ ಗುಂಪಿನಲ್ಲಿ ಸುತ್ತುತ್ತಿರುವ ವಿಡಿಯೋದ ಕೊನೆಯಲ್ಲಿ ಇರುವುದು ಈ ಕೇಕೇ.

ಆಟೋದಲ್ಲಿ ಹಲಸೂರಿಗೆ ಬರುವಾಗ ನಾನು ಬಾಯಿಗೆ ಬಂದ ಹಾಗೆ ಬೈದೆ. ಅವರ ಹುಟ್ಟುಹಬ್ಬ ಹಾಳಾಗಿ ಹೋಗಲಿ, ಒಂದು ಚೀಟಿ ಪಕ್ಕಕ್ಕಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ಮಿಸ್ ಆಟೋದ ಕಂಬಿ ಹಿಡಿದು ನನ್ನತ್ತ ತಿರುಗಿದರು. ದನಿ ಆಗಲೇ ಕಟ್ಟಿತ್ತು.

“ಚೀಟಿ ಬೇಡ ಅಂದ್ರೆ ನಾನ್ಯಾರು ಮಿಸ್?” ಎಂದರು. “ಮಗ ಸತ್ತಿರೋ ಒಬ್ಳು ಮುದುಕಿ, ಅಷ್ಟೇ. ಅಂಥೋರು ಹಲಸೂರಲ್ಲಿ ಬೀದಿಗೊಬ್ರು ಇದಾರೆ. ಕೇಳಿದ್ದನ್ನ ಹಾಡ್ತೀನಿ, ಅದಕ್ಕೇ ಅಲ್ವಾ ನಾನು ಸಿಂಗರ್ರು?”

ನನ್ನ ಚೀಟಿಯನ್ನು ಯಾಕೆ ಅಡಿಗೆ ಹಾಕಿದಿರಿ, ಅದೂ ಕೇಳಿದ್ದೇ ಅಲ್ಲವೇ ಅಂದೆ. ಮನೆಯವರ ಚೀಟಿ ಯಾವಾಗಲೂ ಕೊನೆಗಂತೆ. ಗೆಸ್ಟುಗಳದೆಲ್ಲ ಮುಗಿದ ಮೇಲೆ. ಬ್ಯಾಂಡಿನವರ ಹೆಂಡತಿ ಮಕ್ಕಳು ಕಳಿಸಿದ ಚೀಟಿಗೂ ಇದೇ ನಿಯಮವಂತೆ. ಇಷ್ಟು ವರ್ಷದ ಸ್ನೇಹದಲ್ಲಿ ಅವರು ನನ್ನನ್ನು ಮನೆಯವರು ಎಂದದ್ದು ಅದೇ ಮೊದಲು. ಸಂತೋಷಪಡಲೂ ಆಗಲಿಲ್ಲ, ತಲೆ ಚಚ್ಚಿಕೊಳ್ಳಲೂ ಆಗಲಿಲ್ಲ. ಅವರು ನೆಚ್ಚಿದ ಹಾಡನ್ನು ಕೇಳಬಲ್ಲವರು ಆ ಜಾಗದಲ್ಲಿ ನಾನೊಬ್ಬಳೇ ಇದ್ದೆ, ಯಾಕೆಂದರೆ ಅದರ ಹೆಸರು ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿಲ್ಲದ ಹಾಡನ್ನು ಯಾರು ತಾನೇ ಬರೆದು ಕೇಳುತ್ತಾರೆ?

ಆಮೇಲೆ ನಾಜಿಯಾಗೆ ವಿಷಯ ತಿಳಿದು ತುಂಬ ಅತ್ತಳು. ಮುಂದಿನ ತಿಂಗಳು ಮತ್ತೆ ಮಾಡೋಣ, ಚೀಟಿ ಇಲ್ಲ, ಊಟ ಇಲ್ಲ, ಹೊಸ ಹಾಡು ಮಾತ್ರ ಎಂದಳು. ರೆಕಾರ್ಡ್ ಮಾಡುವವನನ್ನು ಮನೆಗೇ ಕಳಿಸುತ್ತೇನೆ ಎಂದಳು. ಕಳಿಸಿದಳು ಕೂಡ. ಆದರೆ ಅಂದು ಕಟ್ಟಿದ ಗಂಟಲು ಬಿಡಲೇ ಇಲ್ಲ. ಡಾಕ್ಟರ್ ಹೇಳಿದ್ದು ನಿಧಾನಕ್ಕೆ ಎಂದು, ಅದು ಹಾಗೇನೂ ಕಾಯಲಿಲ್ಲ. ಬಂದ ಹುಡುಗ ಮೈಕ್ ಹಿಡಿದು ಮಧ್ಯಾಹ್ನವೆಲ್ಲ ಕೂತು, ಮಿಸ್ ಕೊಟ್ಟ ಟೀ ಕುಡಿದು ವಾಪಸು ಹೋದ.

ನಾನು ವಾರವಾರವೂ ಹೋಗುತ್ತಿದ್ದೆ. ಅವರೆಕಾಳಿನ ಕಾಲ ಬಂತು, ನುಂಗಲು ಕಷ್ಟವೆಂದು ಬರೀ ಕಟ್ಟು ಕುಡಿದರು. ಕೊನೆಕೊನೆಗೆ ಮಾತೆಲ್ಲ ಗಾಳಿಯೇ, ತುಟಿ ನೋಡಿ ತಿಳಿದುಕೊಳ್ಳಬೇಕಿತ್ತು. ಒಂದು ಸಂಜೆ ನನ್ನ ಕೈ ಹಿಡಿದು, ಹೇಳಿ ಎಂದು ತುಟಿಯಾಡಿಸಿದರು. ಯಾವುದೆಂದು ಕೇಳಬೇಕಾಗಿರಲಿಲ್ಲ. ಬಾಯಿಪಾಠವಾಗಿತ್ತು. ಕ್ಲಾಸಿನಲ್ಲಿ ಪದ್ಯ ಹೇಳುವ ಹಾಗೆ ನಾಲ್ಕು ಸಾಲನ್ನೂ ಸ್ಪಷ್ಟವಾಗಿ ಹೇಳಿದೆ. ಅವರು ತಲೆಯಾಡಿಸಿದರು, ಹಾಗಲ್ಲ ಎಂದು. ಮತ್ತೆ ಹೇಳಿದೆ, ಸ್ವಲ್ಪ ಎಳೆದು, ನನಗೆ ತಿಳಿದ ಮಟ್ಟಿಗೆ ರಾಗ ಮಾಡಿ. ಹಾಗಲ್ಲ.

ಕಡೆಗೆ ದಿಂಬಿಗೊರಗಿ ಕೂತರು. ಕಾಲನ್ನು ಮಂಚದಿಂದ ಇಳಿಸಿ ನೆಲಕ್ಕೆ ಊರಿದರು. ಕುತ್ತಿಗೆಯ ನರ ಉಬ್ಬುವ ಹಾಗೆ ಬಾಯಿ ತೆರೆದು ಕೂತ್ಕೊಳ್ಳಿ ಎಂಬ ಆ ಕೊನೆಯ ಮಾತು ಹೇಗೆ ಮೇಲೇರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಪೂರ್ತಿಯಾಗಿ ತೋರಿಸಿದರು. ಸ್ವರವಿರಲಿಲ್ಲ. ಉಸಿರು ಹೋಗಿ ಬರುವ ಸದ್ದು ಮಾತ್ರ ಕೇಳಿಸಿತು. ಮುಗಿಸಿ, ಗೊತ್ತಾಯ್ತಾ ಎಂಬಂತೆ ನನ್ನ ಮುಖ ನೋಡಿದರು. ಕಣ್ಣು ತುಂಬ ಆಸೆಯಿತ್ತು.

ಗೊತ್ತಾಯ್ತು ಮಿಸ್ ಅಂದೆ.

ಅವರು ನನ್ನ ಕೈಯನ್ನು ಎರಡು ಸಲ ತಟ್ಟಿದರು. “ಇಲ್ಲ ಮಿಸ್,” ಎಂದು ತುಟಿಯಾಡಿತು. “ಗೊತ್ತಾಗ್ಲಿಲ್ಲ ನಿಮ್ಗೆ.” ಕಾಲು ಮೇಲೆತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು.